ಬಗ್ಗಿಸುವುದು

ವೇಮಗಲ್ ದಾಟಿದರೆ ಫ್ಯಾಕ್ಟರಿ, ಅದರೆದುರು ಗೆಸ್ಟ್‌ಹೌಸು.
ಕೆಲಸಕ್ಕೆ ಸೇರಿದ ದಿನ ರಮಾಮಣಿ ಮೇಡಂ ಹೇಳಿಕೊಟ್ಟರು:
ಅನ್ನದ ಬಟ್ಟಲು ಎಡಕ್ಕೆ, ಸಾರು ಬಲಕ್ಕೆ,
ಚಮಚ, ಉಕ್ಕಿನ ಕಡ್ಡಿ ಅದರ ಆಚೆಗೆ.
ಬಟ್ಟಲನ್ನು ಅವರು ಕೈಗೆತ್ತಿಕೊಂಡು ಉಣ್ಣುವುದಿಲ್ಲ.
ಹ್ವಾಂಗ್ ಸಾಹೇಬರು ಚಮಚ ಹಿಡಿಯುವವರೆಗೆ
ಉಳಿದ ಹನ್ನೊಂದು ಜನ
ಹಬೆಯಾಡುವ ಅನ್ನ ನೋಡುತ್ತ ಕೂತಿರುತ್ತಾರೆ.
ನಗಬೇಡ.

ಯಾಕೆ ನಗಲಿ? ನಮ್ಮನೆಯಲ್ಲೂ
ತಾತ ಮುದ್ದೆ ಮುರಿಯದೆ
ಯಾರ ಬೆರಳೂ ಹುರುಳಿ ಸಾರಿಗೆ ಇಳಿಯುತ್ತಿರಲಿಲ್ಲ.

ಶಿಡ್ಲಘಟ್ಟದ ಫಯಾಜ್ ಹೊಸದಾಗಿ ಬಂದವನು
ಒಂದು ಮಧ್ಯಾಹ್ನ ಚೆಂದ ಕಾಣಲೆಂದು
ಎರಡೂ ಕಡ್ಡಿಯನ್ನು ಅನ್ನದ ನಡುವೆ ನೆಟ್ಟು ತಂದಿಟ್ಟ.
ಇಡೀ ಮೇಜು ತೆಪ್ಪಗಾಯಿತು.
ಡೋಹ್ಯೂನ್ ಮೆಲ್ಲಗೆ ಕಿತ್ತು ಬದಿಗಿಟ್ಟ,
ಫೋನಿನಲ್ಲಿ ಏನೋ ಒತ್ತಿ ನಮ್ಮ ಕಡೆ ತಿರುಗಿಸಿದ.
ಕನ್ನಡದಲ್ಲಿ ಎರಡೇ ಪದ: ಸತ್ತವರ ಅನ್ನ.
ಸಿಂಕಿನ ಹತ್ತಿರ ಫಯಾಜ್ ಮುಖ ತೊಳೆದುಕೊಂಡ, ಎರಡು ಸಲ.
ಬಿಡೋ, ತಪ್ಪು ನಂದು ಅಂದೆ.
ಎಡೆಗೆ ಊದುಬತ್ತಿ ಸಿಕ್ಕಿಸಿದವನು ನಾನು,
ನೋಡಿದ ತಕ್ಷಣ ಗೊತ್ತಾಗಬೇಕಿತ್ತು.

ಶುಕ್ರವಾರ ರಾತ್ರಿ ಹಸಿರು ಸೀಸೆಗಳು ಹೊರಬರುತ್ತವೆ.
ಅದರ ಪಾಠ ಬೇರೆ:
ತನ್ನ ಲೋಟಕ್ಕೆ ತಾನೇ ಬಗ್ಗಿಸಿಕೊಳ್ಳಬಾರದು.
ಪಕ್ಕದವನದ್ದು ಖಾಲಿಯಾಯಿತೇ ಎಂದು ಕಣ್ಣಿಟ್ಟಿರಬೇಕು,
ಅರ್ಧ ಇದ್ದಾಗ ತುಂಬಬಾರದು.
ಹಿರಿಯರಿಗೆ ಎರಡು ಕೈಯಿಂದ ಬಗ್ಗಿಸಬೇಕು,
ಹಿರಿಯರು ಕೊಟ್ಟರೆ ಎರಡು ಕೈಯಲ್ಲಿ ಹಿಡಿಯಬೇಕು,
ಕುಡಿಯುವಾಗ ಅವರಿಗೆ ಕಾಣದಂತೆ
ಮುಖ ಆ ಕಡೆಗೆ.

ನಮ್ಮಪ್ಪನೂ ಮುಖ ಆ ಕಡೆ ತಿರುಗಿಸಿಯೇ ಕುಡಿದ,
ಪಂಪ್‌ಸೆಟ್ಟಿನ ಗೋಡೆಗೆ.
ಅವನಿಗೆ ಬಗ್ಗಿಸುವವರು ಮಾತ್ರ ಯಾರೂ ಇರಲಿಲ್ಲ.

ನೀರು ಸುರಿಯುವುದಕ್ಕೂ ನಮ್ಮ ಕಡೆ ಬಗ್ಗಿಸು ಅನ್ನುತ್ತಾರೆ,
ಬೆನ್ನು ಮಣಿಸುವುದಕ್ಕೂ ಅದೇ ಮಾತು.
ಅಜ್ಜಿ ಪಿಳ್ಳಮ್ಮನಿಗೆ ಎರಡೂ ಒಟ್ಟಿಗೇ ಆಗುತ್ತಿತ್ತು.
ಕೋಲಾರದ ದಾರಿಯ ಹೋಟೆಲಿನ ಹಿಂಬದಿ,
ಟೊಮೆಟೊ ಬುಟ್ಟಿ ಇಳಿಸಿ ಅವಳು ಬೊಗಸೆಯೊಡ್ಡುವಳು,
ಚೊಂಬು ಮೇಲಿಂದ, ಗೇಣುದ್ದ ಮೇಲಿಂದ,
ತಾಗದ ಹಾಗೆ, ತಾಗದ ಹಾಗೆ.
ಕುಡಿದದ್ದಕ್ಕಿಂತ ಮೊಣಕೈಯಿಂದ ಸೀರೆಗೆ ಸೋರಿದ್ದೇ ಹೆಚ್ಚು.
ಒಳಗೆ ಗಾಜಿನ ಲೋಟ ಸಾಲಾಗಿದ್ದವು.
ಹೊರಗೆ ಗೋಡೆಯ ಗೂಡಿನಲ್ಲಿ ಒಂದು ತಗಡಿನದು,
ಕುಡಿದವರೇ ತೊಳೆದಿಡಬೇಕು. ಅದು ಟೀಗೆ.

ಹ್ವಾಂಗ್ ಸಾಹೇಬರು ಊರಿಗೆ ಹೊರಡುವ ಹಿಂದಿನ ರಾತ್ರಿ
ಬಾರ್ಲಿ ನೀರಿನ ಜಗ್ಗು ಇಟ್ಟು ತಿರುಗಿದೆ.
ಕೂತುಕೋ ಎಂದು ಅಂಗೈ ಕೆಳಗೆ ಮಾಡಿ ತೋರಿಸಿದರು.
ಬಾಗಿಲಲ್ಲಿ ಮೇಡಂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಸೀಸೆಗೆ ನಾನು ತಲೆಯಾಡಿಸಿದೆ. ಸರಿ,
ಅದೇ ಬಾರ್ಲಿ ನೀರನ್ನೇ ಬಗ್ಗಿಸಿದರು,
ಬಲಗೈಯಲ್ಲಿ ಜಗ್ಗು, ಎಡಗೈ ಮಣಿಕಟ್ಟಿನ ಕೆಳಗೆ.
ಚಿಕ್ಕವರಿಗೆ ಒಂದು ಕೈ ಸಾಕು, ಅದು ನನಗೆ ಗೊತ್ತು.
ಮುಪ್ಪಿನ ನಡುಕವೋ, ಮರ್ಯಾದೆಯೋ, ಕೇಳಲಿಲ್ಲ.
ಜಗ್ಗಿನ ಮೂತಿ ನನ್ನ ಲೋಟದ ಅಂಚಿಗೆ
ಟಣ್ ಎಂದು ತಾಗಿತು.

ಎರಡು ಕೈಯಲ್ಲಿ ಹಿಡಿದಿದ್ದೆ.
ಗೋಡೆ ಕಡೆ ತಿರುಗಿ ಕುಡಿದೆ, ನೀರೇ ಆದರೂ.
ಚೆನ್ನಾಗಿ ಕಲಿತಿದ್ದಾನೆ, ಯಾರು ಕಲಿಸಿದ್ದು?
ಡೋಹ್ಯೂನ್ ಬಾಯಲ್ಲಿ ಕೇಳಿಸಿದರು.
ಅಜ್ಜಿ, ಅಂದೆ.
ದೊಡ್ಡ ಮನೆತನದವರಿರಬೇಕು ಎಂದು ತಲೆದೂಗಿದರು.
ನಾನು ಸುಮ್ಮನಿದ್ದೆ.

ಬೆಳಿಗ್ಗೆ ಲೋಟ ತೊಳೆದು ಬೋರಲು ಹಾಕಿದೆವು,
ಎಲ್ಲವೂ ಗಾಜಿನವು, ಎಲ್ಲವೂ ಒಂದೇ ಅಳತೆ.
ನನ್ನದು ಯಾವುದೆಂದು ಹುಡುಕಿದೆ, ಸುಳ್ಳು ಹೇಳಲಾರೆ.
ಫಯಾಜ್ ಎಣಿಸುತ್ತಿದ್ದ, ಮತ್ತೆ ಮೊದಲಿಂದ ಎಣಿಸಿದ:
ಅಣ್ಣಾ, ಕೂತಿದ್ದು ಹನ್ನೆರಡು ಜನ ಅಲ್ವಾ,
ಇದೇನು ಒಂದು ಜಾಸ್ತಿ?