ಎಂಟನೆಯ ಗೂಟ

ಡೇರೆಗೆ ಎಂಟು ಗೂಟ. ಎಣಿಸುವುದು ನನ್ನ ಪಾಲಿನ ಕೆಲಸ.
ಸೌದೆ ಕ್ಲೈವನದು. ನೊಣ ಓಡಿಸುವುದು ನೆರೀಡಾಳದು;
ಅವಳಿಗಾಗ ನಾಲ್ಕು ವರ್ಷ,
ಒಂದು ನೊಣವೂ ಅವಳ ಮಾತು ಕೇಳಲಿಲ್ಲ.

ಹಾಕರ್ ದಾಟಿದ್ದೇ ಡಾಂಬರು ಮುಗಿಯಿತು.
ಮುಂದೆ ರಸ್ತೆಯೆಂದರೆ ಏರಿಳಿವ ತಗಡು:
ಹಲ್ಲು, ಚಮಚ, ಬಾಗಿಲು, ಅಪ್ಪ ಅಮ್ಮನ ಜಗಳ
ಎಲ್ಲ ಒಟ್ಟಿಗೇ ಗಡಗಡ.
ಎಂಬತ್ತರ ಮೇಲೆ ಓಡಿಸಿದರೆ ನಡುಕ ನಿಲ್ಲುತ್ತದೆ, ಅಪ್ಪ ಅಂದ.
ಓಡಿಸಿದ. ನಿಂತಿತು.
ಜಗಳ ಸ್ಪಷ್ಟವಾಗಿ ಕೇಳಿಸಿತು.

ವಿಷಯ ಏನಿತ್ತೋ. ಮನೆಯ ಕಂತೋ,
ಅಪ್ಪ ಮತ್ತೆ ಬಿಟ್ಟ ಕೆಲಸವೋ.
ನಾವು ಗಾಜಿಗೆ ಹಣೆಯೊತ್ತಿ
ಸತ್ತ ಕಾಂಗರೂಗಳನ್ನು ಎಣಿಸಿದೆವು. ಹದಿನೇಳು.
ಒಂದರ ಮೇಲೆ ಹದ್ದು ಕೂತಿತ್ತು,
ಕಾರು ಬಂದರೂ ಏಳದೆ,
ಊಟದ ನಡುವೆ ಬಾಗಿಲು ತಟ್ಟಿಸಿಕೊಂಡ
ಯಜಮಾನನ ಹಾಗೆ ನೋಡಿತು.

ಸಂಜೆಗೆ ಒಂದು ಹೊಳೆ. ಹೊಳೆಯೆಂದರೆ ಮರಳು.
ಎರಡೂ ದಡದಲ್ಲಿ ತೊಗಟೆ ಸುಲಿದ ನೀಲಗಿರಿ,
ನಡುವೆ ಯಾರೋ ಹಾಸಿಟ್ಟ ಹಾಸಿಗೆ.
ನಕ್ಷೆಯಲ್ಲಿ ಅದು ತುಂಡು ತುಂಡು ನೀಲಿ ಗೆರೆ.
"ತುಂಡು ಗೆರೆ ಅಂದರೆ ನೀರಿಲ್ಲ ಅಂತ," ಅಪ್ಪ.
"ಇನ್ನೂ ಬಂದಿಲ್ಲ ಅಂತ," ಅಮ್ಮ.
ಅಲ್ಲಿಗೆ ಆ ದಿನದ ಮಾತು ಮುಗಿಯಿತು.
ಎಂಟು ಗೂಟ, ಎಣಿಸಿ ಕೊಟ್ಟೆ.
ಮರಳು ಬೆಣ್ಣೆಯ ಹಾಗೆ ಒಳಗೆ ಬಿಟ್ಟುಕೊಂಡಿತು.

ಅಮ್ಮನ ಎಡಗಿವಿ ಮಂದ.
ಮದುವೆಗೆ ಮುಂಚೆ ಬೆರಿಯ ಪೀಚ್ ಕಾರ್ಖಾನೆಯಲ್ಲಿ
ಆರು ಬೇಸಿಗೆ, ಡಬ್ಬಿಗಳ ಸದ್ದಿಗೆ ಕೊಟ್ಟು ಬಂದದ್ದು.
ಕೇಳುವ ಕಿವಿಯನ್ನು ನೆಲಕ್ಕೊತ್ತಿ ಮಲಗುವಳು,
ಅಪ್ಪನ ಗೊರಕೆಯಿಂದ ಪಾರಾಗಲು.

ಎಷ್ಟು ಹೊತ್ತೋ. "ಏಳಿ," ಅಂದಳು.
ಕೂಗಲಿಲ್ಲ.
"ಯಾರೋ ಬರುತ್ತಿದ್ದಾರೆ."

ಆಕಾಶದಲ್ಲಿ ಒಂದು ಮೋಡವಿಲ್ಲ.
ಟಾರ್ಚು ಹಿಡಿದು ಬೈಯುತ್ತ ಹೊರಗೆ ಹೋದ ಅಪ್ಪ
ಬೈಗುಳವನ್ನು ಅರ್ಧಕ್ಕೆ ಬಿಟ್ಟ.
ತಿರುವಿನಲ್ಲಿ ಅದು ಬರುತ್ತಿತ್ತು. ಓಡದೆ. ನಡೆದು.
ಅಂಗೈ ಎತ್ತರದ ಕಂದು ನೊರೆ,
ಅದರ ಮುಂದೆ ತರಗೆಲೆ, ಕಡ್ಡಿ, ಕುರಿ ಹಿಕ್ಕೆ,
ಜೀವ ಹಿಡಿದು ಓಡುವ ಜೇಡಗಳ ದಂಡು.
ಕಡಲೆ ಹುರಿದ ಹಾಗೆ ಚಟಪಟ,
ಒಣಗಿದ ಮರಳು ಕುಡಿಯುವ ಸದ್ದು.
ಮೂರು ದಿನದ ಹಿಂದೆ, ನಮಗೆ ಕಾಣದ ಯಾವ ಬೆಟ್ಟದಲ್ಲೋ
ಬಿದ್ದ ಮಳೆ, ಈಗ ತಲುಪುತ್ತಿದೆ,
ಕೇಳಿ ಕೇಳಿ ವಿಳಾಸ ಹುಡುಕಿದ ಕಾಗದದಂತೆ.

ಆಮೇಲಿನದು ಚೂರು ಚೂರು ನೆನಪು.
ಅಪ್ಪನ ಹೆಗಲ ಮೇಲೆ ನೆರೀಡಾ, ನಿದ್ದೆಯಲ್ಲೇ.
ಕ್ಲೈವನ ಒಂದೇ ಕಾಲಲ್ಲಿ ಬೂಟು.
ಮಳೆಗೆ ಮುಂಚೆ ತಂತಿಯ ಬಟ್ಟೆ ಬಾಚಿಕೊಳ್ಳುವಂತೆ
ಇಡೀ ಡೇರೆಯನ್ನು ತೋಳಲ್ಲಿ ಬಾಚಿಕೊಂಡ ಅಮ್ಮ.
ಗೂಟ ಕೀಳು ಎಂದು ಯಾರೂ ಹೇಳಲಿಲ್ಲ.
ಕಿತ್ತೆ. ಏಳು ಸಿಕ್ಕವು.
ಎಂಟನೆಯದರ ಮೇಲೆ ನೀರು ಹತ್ತಿತ್ತು,
ಕಣಕಾಲಿಗೆ ಬೆಚ್ಚಗೆ, ದನದ ಉಸಿರಿನಷ್ಟು.

ದಡದ ಮೇಲೆ ಒಂದೇ ಕಂಬಳಿಯಡಿ ಐವರು.
ಕೆಳಗೆ, ನಾವು ಮಲಗಿದ್ದಲ್ಲೇ, ಹೊಳೆ ಹರಿಯುತ್ತಿತ್ತು
ಎಂದಿನಿಂದಲೂ ಅಲ್ಲೇ ಇದ್ದವರ ಗತ್ತಿನಲ್ಲಿ.
ಬೆಳಕು ಹರಿದಾಗ ಅಪ್ಪ ನಕ್ಷೆ ಬಿಡಿಸಿ
ಪೆನ್ಸಿಲಿನಲ್ಲಿ ತುಂಡು ಗೆರೆಗಳನ್ನು
ಒಂದಕ್ಕೊಂದು ಕೂಡಿಸಿದ. ಅಮ್ಮನ ಮುಂದೆ ಹಿಡಿದ.
ಕ್ಷಮಿಸು ಎಂಬುದು ಅವನ ನಾಲಿಗೆಗೆ ಹೊರಳದ ಮಾತು.
ಅಮ್ಮ ನೋಡಿದಳು.
ಕೇಳದ ಕಿವಿಯನ್ನು ಅವನ ಹೆಗಲಿಗೆ ಒರಗಿಸಿ
ಕೇಳುವುದನ್ನು ಹೊಳೆಯ ಕಡೆ ಬಿಟ್ಟು ಕೂತಳು.

ಆಮೇಲೂ ಹನ್ನೊಂದು ವರ್ಷ ಹೋದೆವು. ಜಗಳವೂ ಬಂತು ಜೊತೆಗೆ.
ಹೊಸ ಗೂಟಕ್ಕೆ ನಲವತ್ತು ಸೆಂಟು; ಯಾಕೋ ಯಾರೂ ಕೊಳ್ಳಲಿಲ್ಲ.
ಹೋದಲ್ಲಿ ಒಂದು ಮೂಲೆಗೆ ಕಲ್ಲು ಕಟ್ಟುತ್ತಿದ್ದೆವು.
ಈಗ ಡೇರೆ ನನ್ನ ಬಳಿ ಇದೆ, ಅಂಚು ಹರಿದು.
ಎಣಿಸುವುದು ಈಗಲೂ ನಾನೇ:
ಐದು, ಆರು, ಏಳು, ಕಲ್ಲು.