ಹೆಸರು ಹಾಕುವವನು

ಮಂಡ್ಯದ ಪೇಟೆ ಬೀದಿಯಲ್ಲಿ
ಪಾತ್ರೆ ಅಂಗಡಿಯ ಮೆಟ್ಟಿಲೇ ನನ್ನ ಆಫೀಸು.
ಅಕ್ಷರಕ್ಕೆ ಎರಡು ರೂಪಾಯಿ. ಒತ್ತಕ್ಷರಕ್ಕೆ ಬೇರೆ ದುಡ್ಡಿಲ್ಲ.
ಸೂಜಿ ಕುಣಿದರೆ ಸ್ಟೀಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ
ಮಾವಂದಿರು, ಮೇಷ್ಟ್ರುಗಳು, ಮುಯ್ಯಿ ಕೊಟ್ಟವರು,
ತಾರೀಖು.

ಮದುವೆ ತಿಂಗಳಲ್ಲಿ ತಲೆ ಎತ್ತುವ ಹಾಗಿಲ್ಲ.
ಇದು ಆಷಾಢ. ಬೀಡಿ ಸೇದುತ್ತ ಕೂತಿದ್ದೆ.
ಗೋಣಿಚೀಲ ಇಳಿಸಿ ಎದುರಿಗೆ ಕೂತಳು
ಕೀಲಾರದ ದೇವೀರಮ್ಮ.

"ಇವುನ್ನ ಓದಿ ಹೇಳಪ್ಪ, ಕನ್ನಡಕ ಬಸ್ಸಲ್ಲೇ ಬುಟ್ಬುಟ್ಟೆ.
ನಿಂದೇನೇನೈತೆ ಪಟ್ಟಿ ಮಾಡ್ಕಂಡ್ ಬಾ ಅಂದವ್ರೆ ಲಾಯರಮ್ಮ."

ಗದ್ದೆ ಗಂಡ ಚೆಲುವೇಗೌಡನದು, ಪಹಣಿ ಹೇಳುತ್ತದೆ.
ಮನೆಯ ಖಾತೆ ಅವನದು. ಬೋರಿನ ಕರೆಂಟು ಬಿಲ್ಲು ಅವನದು.
ಕಬ್ಬಿನ ದುಡ್ಡು ಬೀಳುವ ಪಾಸ್‌ಬುಕ್ಕೂ.
ಮೂವತ್ತೊಂದು ವರ್ಷ ಕಬ್ಬಿನ ಸೋಗೆ ಕುಯ್ದ ಗೆರೆ
ಅವಳ ಮುಂಗೈ ತುಂಬ.
ಅದನ್ನು ಪಟ್ಟಿಗೆ ಸೇರಿಸೆನ್ನಲಿಲ್ಲ.

ಓದಿದೆ.
ಕೊಳಗದ ಮೇಲೆ ಅವಳ ಅಪ್ಪ.
ಹಿತ್ತಾಳೆ ಬಿಂದಿಗೆಗೆ ಸೋದರಮಾವ, ಹೊಳಲು.
ಮೂರು ಲೋಟಕ್ಕೆ ಯಾರೋ ಮೇಷ್ಟ್ರು, ಶುಭಾಶಯಗಳೊಂದಿಗೆ.
ಇಡ್ಲಿ ಪಾತ್ರೆಗೆ ಚೆಲುವೇಗೌಡನ ಭಾವ.
"ಅದು ಅವರ್ಕಡೇದು," ಅಂತ ಪಕ್ಕಕ್ಕಿಟ್ಟಳು,
"ಬೇಯ್ಸಿದ್ದೋಳು ನಾನು. ಇರ್ಲಿ ಬುಡು."

ಒಂದರ ಮೇಲೂ ಅವಳಿರಲಿಲ್ಲ.

ಸೆರಗಿನ ಗಂಟು ಬಿಚ್ಚಿ, ಒಳಗೆ ಹೋಗಿ
ಹೊಸದೊಂದು ತಪ್ಪಲೆ ಕೊಂಡು ತಂದಳು.
"ಇದ್ಕೆ ನನ್ನೆಸ್ರು ಹಾಕು."
ಬರೆದೆ: ದೇವೀರಮ್ಮ.
ಬಾಯಿ ತಾನಾಗಿ ಕೇಳಿತು: "ಕೋಂ?"
ಪತ್ರ ಬರೆಯುವವರು, ಓಟಿನ ಪಟ್ಟಿಯವರು,
ಆಸ್ಪತ್ರೆಯ ಚೀಟಿಯವರು ಕೇಳುವ ಹಾಗೆ.

ಅವಳು ತಪ್ಪಲೆಯ ತಳ ನೋಡಿದಳು.
ಸೂಜಿ ಸುಮ್ಮನೆ ಗುಂಯ್ ಅನ್ನುತ್ತಿತ್ತು.
"ಅಲ್ಲಿ ಜಾಗ ಉಳೀತಾ?" ಅಂದಳು. "ಹಂಗೇ ಬುಡು, ಖಾಲಿಯಾಗಿ."

ನಾಲ್ಕಕ್ಷರ, ಎಂಟು ರೂಪಾಯಿ.
ಚಿಲ್ಲರೆ ಎಣಿಸಿಕೊಂಡು ಹೋದಳು.

ರಾತ್ರಿ ಮನೆಯಲ್ಲಿ ತಟ್ಟೆ ತಿರುವಿ ನೋಡಿದೆ. ನನ್ನ ಹೆಸರು.
ಚೊಂಬಿನ ಮೇಲೆ, ಸೌಟಿನ ಹಿಡಿಯ ಮೇಲೆ ನನ್ನ ಹೆಸರು.
ಕೈ ಕುದುರಲೆಂದು ಆಗ ಸಿಕ್ಕಿದ್ದಕ್ಕೆಲ್ಲ ಬರೆದಿದ್ದೆ.
ಮೆಷಿನ್ನು ಕೊಂಡದ್ದು ನಂಜಮಣಿಯ ಎರಡೆಳೆ ಸರ ಅಡವಿಟ್ಟು.
ಸರ ಹರಾಜಾಯಿತು. ಮೆಷಿನ್ನು ನನ್ನದು ಅಂತಲೇ
ಇವತ್ತಿಗೂ ಹೇಳುತ್ತೇನೆ ಬೀದಿಯಲ್ಲಿ.

"ನಿನ್ನ ಹೆಸರು ಹಾಕಲೇನೇ ಇದಕ್ಕೆ?" ಅಂದೆ.
ಬಸ್ಸಾರು ಬಡಿಸುತ್ತಿದ್ದವಳು ತಲೆ ಎತ್ತಲಿಲ್ಲ.
"ಮೊದ್ಲು ಉಣ್ಣು. ಆ ತಟ್ಟೆ ಸವ್ದೋಗೈತೆ,
ಇನ್ನೊಂದು ಹೆಸ್ರು ಬಿದ್ರೆ ತೂತಾಯ್ತದೆ."