ಮೀಟರ್ ಬದಲಿಸುವವನು

ಲೈಪ್‌ಜಿಗ್, ಲಿಂಡೆನೌ. ನಾಲ್ಕನೆಯ ಮಹಡಿ, ಲಿಫ್ಟಿಲ್ಲ.
ಚೀಲದಲ್ಲಿ ಹೊಸ ಮೀಟರು, ಸೀಲು, ಸ್ಕ್ರೂಡ್ರೈವರು,
ಸಹಿ ಹಾಕಿಸಬೇಕಾದ ಮೂರು ಕಾಗದ.
ಬಾಗಿಲು ತೆರೆದವರು ರೋಸ್‌ವಿಥಾ ಕ್ರೆಚ್‌ಮರ್.
ಮೂವತ್ತೊಂದು ವರ್ಷ ಟ್ರಾಮು ಓಡಿಸಿದ ಕೈ
ಚಿಲಕದ ಮೇಲೂ ಬ್ರೇಕಿನ ಮೇಲಿದ್ದಂತೆಯೇ ಇತ್ತು.

"ಯಾಕೆ ಬಂದಿರಿ, ಗೊತ್ತು," ಅಂದರು.
"ಮೊದಲು ಕಾಫಿ. ಆಮೇಲೆ ಕೊಲೆ."

ಹಜಾರದ ಗೋಡೆಯಲ್ಲಿ ಕಪ್ಪು ಪೆಟ್ಟಿಗೆ.
ಗಾಜಿನ ಹಿಂದೆ ಅಲ್ಯೂಮಿನಿಯಂ ಬಿಲ್ಲೆ, ಅಂಚಿಗೊಂದು ಕೆಂಪು ಗುರುತು.
ಮೆಲ್ಲಗೆ, ನಾಚಿಕೆಯಿಲ್ಲದೆ,
ಅದು ಹಿಂದಕ್ಕೆ ತಿರುಗುತ್ತಿತ್ತು.

ಇಪ್ಪತ್ತು ವರ್ಷ ಅಂಕಿ ಬರೆದುಕೊಂಡವನು ನಾನು.
ಏರುವುದೇ ಅದರ ಜಾಯಮಾನ,
ಸಾಲದ ಹಾಗೆ, ವಯಸ್ಸಿನ ಹಾಗೆ.
ಇಲ್ಲಿ ಕೊನೆಯ ಮನೆಯಲ್ಲಿದ್ದ ಎಂಟು
ಕಾಫಿ ಆರುವಷ್ಟರಲ್ಲಿ ಏಳಾಗಿತ್ತು.

ಬಾಲ್ಕನಿಯ ಕಂಬಿಗೆ ಒರಗಿದ ಎರಡು ಫಲಕ,
ಕಾಗೆ ರೆಕ್ಕೆಯ ಬಣ್ಣ, ಊಟದ ಮೇಜಿನಗಲ.
ಪಕ್ಕದಲ್ಲಿ ಪಾರ್ಸ್ಲಿ ಕುಂಡ, ಒಣಗುತ್ತಿರುವ ಕಾಲುಚೀಲ.
ಬಿಸಿಲು ತಾಕಿದೊಡನೆ ಸಿಲಿಕಾನಿನ ಕಣಗಳು ಎದ್ದು
ಒಂದೇ ದಿಕ್ಕಿಗೆ ಹೊರಡುತ್ತವೆ,
ಪಾಳಿ ಮುಗಿದ ಕಾರ್ಖಾನೆಯ ಗೇಟಿನಿಂದ ಜನ ಹೊರಟಂತೆ.
ಮನೆಯ ತಂತಿಗೆ ಆ ನಡಿಗೆ ಒಗ್ಗದು.
ಫಲಕದ ಬೆನ್ನಿಗಂಟಿದ ಪುಟ್ಟ ಇನ್ವರ್ಟರು
ಸೆಕೆಂಡಿಗೆ ಐವತ್ತು ಸಲ ಅದನ್ನು ತೂಗಿ ತೂಗಿ
ಊರಿನ ತಾಳಕ್ಕೆ ಕೂಡಿಸುತ್ತದೆ.
ಆಮೇಲೊಂದು ಪ್ಲಗ್ಗು, ಇಸ್ತ್ರಿಪೆಟ್ಟಿಗೆಗೆ ಇರುವಂಥದ್ದೇ.
ಅಷ್ಟೇ.

"ಬಾಯಾರಿದವರು ಹತ್ತಿರದ ನೀರನ್ನೇ ಕುಡಿಯುತ್ತಾರಲ್ಲ, ಹಾಗೆ.
ಮೊದಲು ನನ್ನ ಫ್ರಿಜ್ಜು, ಆಮೇಲೆ ರೇಡಿಯೊ,
ಮಿಕ್ಕಿದ್ದು ಗೋಡೆಯಾಚೆಗೆ.
ಪಕ್ಕದ ಹೋಲ್ಗರ್ ನನ್ನ ಬಿಸಿಲಲ್ಲಿ ಗಡ್ಡ ಹೆರೆಯುತ್ತಾನೆ.
ಪಾಪ, ಅವನಿಗೆ ಗೊತ್ತೇ ಇಲ್ಲ."

ಹಳೆಯ ವೇಳಾಪಟ್ಟಿಯ ಹಿಂಬದಿಗೆ ಪೆನ್ಸಿಲ್ ಲೆಕ್ಕ:
ಬಟ್ಟೆ ಒಗೆತ ಹನ್ನೊಂದೂವರೆಗೆ. ಆಲೂಗಡ್ಡೆ ಒಂದರ ಒಳಗೆ.
ಮೂರು ಹತ್ತಕ್ಕೆ ಎದುರಿನ ಲಿಂಡೆನ್ ಮರದ ನೆರಳು,
"ಈ ಊರಲ್ಲಿ ತಡ ಮಾಡದ ಒಂದೇ ಗಾಡಿ."
ಬಿಲ್ಲು ತಿಂಗಳಿಗೆ ಹನ್ನೆರಡು ಯೂರೊ ಇಳಿದಿದೆ.
ಹಾಕಿದ ನಾನೂರು ಮೂರು ವರ್ಷಕ್ಕೆ ವಾಪಸು.
"ಆಗ ನನಗೆ ಎಂಬತ್ತೊಂದು," ಬೆರಳು ಮಡಿಚಿದರು,
"ಅಲ್ಲಿಂದಾಚೆ ಬದುಕಿದ್ದೆಲ್ಲ ಲಾಭ."

ನನ್ನ ಪಾಠ ಒಪ್ಪಿಸಿದೆ.
ಹೊಸ ಮೀಟರಿಗೆ ಎರಡು ಖಾತೆ:
ಒಳಬಂದದ್ದು ಬೇರೆ, ಹೊರಹೋದದ್ದು ಬೇರೆ.
ಸುಮ್ಮನೆ ಹೊರಹೋದದ್ದಕ್ಕೆ ಕಾಸಿಲ್ಲ.
ಇನ್ನು ಹಿಂದಕ್ಕೆ ತಿರುಗುವ ಮಾತಿಲ್ಲ.

"ಹಾಗಾದರೆ ಹೋಲ್ಗರನ ಗಡ್ಡ ಧರ್ಮಕ್ಕೆ?"
"ಧರ್ಮಕ್ಕೆ."

ಅವರು ಬಹಳ ಹೊತ್ತು ಬಿಲ್ಲೆಯನ್ನೇ ನೋಡಿದರು.
"ತಲೆಯ ಮೇಲಿನ ತಂತಿಯಿಂದ ಜೀವಮಾನವಿಡೀ ಎಳೆದುಕೊಂಡೆ,
ಚಳಿ, ಹಿಮ, ಕಿಕ್ಕಿರಿದ ಡಬ್ಬಿ, ಎಲ್ಲಕ್ಕೂ.
ಈ ನಾಲ್ಕು ತಿಂಗಳಲ್ಲಿ ಚೂರು ಹಿಂತಿರುಗಿಸಿದೆ.
ಕಣ್ಣಾರೆ ಕಂಡೆನಲ್ಲ, ಸಾಕು."

ಗಂಟೆ ಒಂದೂಮುಕ್ಕಾಲು. ಹೊರಗೆ ಉರಿಬಿಸಿಲು.
ಇನ್ನೂ ನಾಲ್ಕು ಮನೆ, ನಾಲ್ಕು ಮೀಟರು ನನ್ನ ಪಟ್ಟಿಯಲ್ಲಿ.
ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದೆ.
"ಇನ್ನೊಂದು ಕಪ್ ಕಾಫಿ ಇದೆಯೇ?"

ಹಜಾರಕ್ಕೆ ಎರಡು ಕುರ್ಚಿ ಬಂದವು.
ಮಾತು ಹೆಚ್ಚಿರಲಿಲ್ಲ. ಏಳು ಆರಾಯಿತು, ಆರು ಐದಾಯಿತು,
ಇಳಿಯುತ್ತ ಒಂದಕ್ಕೆ ಬಂತು.
ಉಳಿದದ್ದು ಇಪ್ಪತ್ತು ಸೆಂಟು, ನಾನು ಕುಡಿದ ಕಾಫಿಗೂ ಸಾಲದು.

ಮೂರು ಹತ್ತು. ಮರದ ನೆರಳು ಕಂಬಿ ಹತ್ತಿತು.
ಬಿಲ್ಲೆ ನಿಧಾನವಾಯಿತು, ನಿಂತಿತು,
ಕೆಂಪು ಗುರುತು ನಮ್ಮತ್ತ ಮುಖ ಮಾಡಿ ಒಂದು ಗಳಿಗೆ ಅನುಮಾನಿಸಿತು,
ಮತ್ತೆ ಎಲ್ಲರಂತೆ ಮುಂದಕ್ಕೆ.

"ಈಗ ತೆಗೆಯಿರಿ," ಅಂದರು,
ಕೊನೆಯ ನಿಲ್ದಾಣ ಕೂಗುವ ದನಿಯಲ್ಲಿ.